ತಕ್ಕಡಿಯ ಮುಳ್ಳು ಕುಣಿದ ದಿನ

ಬೆಳಿಗ್ಗೆಯಿಂದ ನಮ್ಮ ಪಡಸಾಲೆಯ ತೊಲೆಯಲ್ಲಿ ಚಟ್ನಿ ಅರೆಯುವ ಗುಂಡುಕಲ್ಲು ನೇತಾಡುತ್ತಿದೆ. ಪ್ಲಸ್‌ಟೂ ಓದುವ ನನ್ನ ಮಗನ ಕೆಲಸ. ಕುರಿ ತೂಗುವ, ಗಡಿಯಾರದಂಥ ಗುಂಡು ಮುಖದ ಸ್ಪ್ರಿಂಗ್ ತಕ್ಕಡಿಯನ್ನು ತೊಲೆಗೆ ಸಿಕ್ಕಿಸಿ, ಅದಕ್ಕೆ ಹಗ್ಗ ಕಟ್ಟಿ, ಹಗ್ಗಕ್ಕೆ ನನ್ನ ಕಲ್ಲನ್ನು ಬಿಗಿದಿದ್ದಾನೆ. ಇವತ್ತಿನ ಚಟ್ನಿಯ ಆಸೆ ಬಿಟ್ಟೆ.

"ಅಮ್ಮಾ, ಇಂಗ ಪಾರು, ಇಲ್ನೋಡು," ಎಂದು ಕಲ್ಲನ್ನು ಪಕ್ಕಕ್ಕೆಳೆದು ಬಿಟ್ಟ. "ತುದಿಗೋದಾಗ ಈ ಅಗ್ಗದ ಎಳೆತ, ಟೆನ್ಷನ್ನು, ಕಮ್ಮಿ. ಕೆಳಕ್ ಬರ್ವಾಗ ಜಾಸ್ತಿ. ಕಲ್ಲಿನ ಭಾರಾನೂ ಇಡೀಬೇಕು, ಓಡೋ ಕಲ್ನ ಮ್ಯಾಕೆ ತಿರುಗ್ಸೂ ಬೇಕಲ್ಲಾ, ಅದ್ಕೆ."

ಕಲ್ಲು ಕೆಳಗೆ ಬಂದಾಗ ತಕ್ಕಡಿಯ ಮುಳ್ಳು ಮುಂದೆ ಓಡುತ್ತಿತ್ತು, ತುದಿಗೆ ಹೋದಾಗ ಹಿಂದೆ ಬರುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಈ ಪಾಠ ಇವನ ಮೇಲೆಯೇ ಒಮ್ಮೆ ನಡೆದಿತ್ತು ನೋಡಿ.

ಆಗ ಇವನು ಕೈಗೂಸು. ನಾನು ಮೆಟ್ಟೂರಿನಿಂದ ಪೆನ್ನಾಗರಂ ಕಡೆಯ ಈ ಕುರಿ ಸಾಕುವ ಮನೆಗೆ ಬಂದ ಸೊಸೆ, ಮೊದಲ ಬಾಣಂತನ. ಕೂಸಿನ ತೂಕ ಏರಲೊಲ್ಲದು. ಬಾಲವಾಡಿ ಟೀಚರ್ ತೂಗಿ ಮುಖ ಸಣ್ಣದು ಮಾಡಿದರೆ ನನಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಗು ಉಳಿಯುತ್ತೋ ಇಲ್ಲವೋ ಎಂಬ ಹೆದರಿಕೆ. ಈಗ ಅವನ ಉದ್ದನೆಯ ಪ್ಯಾಂಟು ಒಗೆದು ಹಿಂಡುವಾಗ ಅದನ್ನು ನೆನೆದರೆ ನಗುವೇ ಬರುತ್ತದೆ.

ಒಂದು ಸಲ ತೂಕಕ್ಕೆ ಅತ್ತೆಯೂ ಜೊತೆಗೆ ಬಂದರು. ಬೇವಿನ ಕೊಂಬೆಗೆ ತಕ್ಕಡಿ, ಕೆಳಗೆ ಬಟ್ಟೆಯ ಜೋಲಿ, ಒಳಗೆ ಊರಿಗೆಲ್ಲ ಕೇಳುವಂತೆ ಅರಚುವ ಕೂಸು. ನಮ್ಮಲ್ಲಿ ತಕ್ಕಡಿಗೆ ಹಾಕಿದ ಕುರಿಮರಿ ಒದ್ದಾಡಿದರೆ ಮೆಲ್ಲಗೆ ತೂಗಾಡಿಸಿ ಸುಮ್ಮನಾಗಿಸುತ್ತಾರೆ. ಅತ್ತೆ ಮೊಮ್ಮಗನಿಗೂ ಅದನ್ನೇ ಮಾಡಿದರು. ಕೂಸು ಗಪ್‌ಚಿಪ್. ಮುಳ್ಳು ಮಾತ್ರ ಕುಣಿಯತೊಡಗಿತು.

"ನೋಡಮ್ಮಿ, ಎಷ್ಟ್ ಮುಂದ್ಕೋಯ್ತು ಮುಳ್ಳು! ಏರವ್ನೆ ನನ್ ಮೊಮ್ಮಗ!"

"ಪಾಟಿ, ಆಟ ನಿಲ್ಸಿ. ಜೋಲಿ ನಿಂತ್ಮೇಲೆ ನೋಡ್ಬೇಕು," ಎಂದು ಟೀಚರ್ ಅಜ್ಜಿಗೆ ಹೇಳಿದರು.

ಅತ್ತೆ ಕೇಳಿಸಿಕೊಂಡರೆ ತಾನೆ! "ನೋಡಿದ್ದಾಯ್ತಲ್ಲ, ಓಗಿ ಎಸರಿಡು," ಎಂದು ನನ್ನನ್ನು ಮನೆಗೆ ಅಟ್ಟಿದರು. ಆಮೇಲೆ ಟೀಚರ್ ಏನು ಬರೆದುಕೊಂಡರೋ ನಾನು ಕೇಳಲಿಲ್ಲ. ಅಂದು ಹೊಟ್ಟೆ ತುಂಬ ಉಂಡೆ, ಮರುದಿನವೂ ಉಂಡೆ. ಬರಬರುತ್ತ, ನಿಂತ ಜೋಲಿಯಲ್ಲೂ ಕೂಸಿನ ತೂಕ ಏರಿತು. ತೂಗಲು ಬಾರದ ಅತ್ತೆ ಎಂದು ಬಂದ ನೆಂಟರಿಗೆಲ್ಲ ಈ ಕಥೆ ಹೇಳಿ ನಗಿಸುವುದು ನನಗೊಂದು ಚಟವಾಯಿತು.

ಇವತ್ತು ಮಗನಿಗೂ ಹೇಳಿದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು.

"ಮರಿ ತೂಗಾಡ್ವಾಗ ಯಾಪಾರಿ ಮುಳ್ ನೋಡಿದ್ರೆ ನಾನ್ ಸುಮ್ಕೆ ಬುಡ್ತಿದ್ನಾ? ಅಷ್ಟೂ ಗೊತ್ತಿರ್ನಿಲ್ವಾ ನಂಗೆ?"

"ಮತ್ಯಾಕತ್ತೆ ಅಂಗ್ ಮಾಡಿದ್ರಿ?"

"ನೀ ಉಣ್ತಿರ್ನಿಲ್ಲ. ಉಣ್ದಿದ್ರೆ ಆಲು ಎಲ್ಲಿಂದ ಬತ್ತದೆ? ಮುಳ್ ಮುಂದ್ಕೋಗಿದ್ ನೀ ನೋಡ್ದೆ, ಉಂಡೆ. ಅವ್ನು ಏರ್ದ."

ಇಷ್ಟು ವರ್ಷ ನಗಿಸಿದ ನನಗೆ ಅಳು ಬಂತು, ಅದರ ಮೇಲೆ ನಗುವೂ ಬಂತು. ಅತ್ತೆ ಈಗೀಗ ಅರ್ಧ ಮುದ್ದೆಗೇ ಸಾಕೆನ್ನುತ್ತಾರೆ. ಎದ್ದು ಹೋಗಿ, ನಿಂತಿದ್ದ ಕಲ್ಲನ್ನು ನಾನೇ ಪಕ್ಕಕ್ಕೆಳೆದು ಬಿಟ್ಟೆ. ಮುಳ್ಳು ಮುಂದೆ ಓಡಿತು.

"ನೋಡಿದ್ರಲ್ಲತ್ತೆ," ಎಂದೆ, "ಏಳಿ, ಉಣ್ಣಾನ."