ಹಿಡಿಜೋಳದ ಆಯಿ

ಜೋಳದ ಜೊತೆ ಬೇವಿನ ಒಣ ಎಲೆ ಸೇರಿದರೆ ಒಂದು ವಾಸನೆ ಬರುತ್ತದೆ. ಸ್ವಲ್ಪ ಕಹಿ, ಸ್ವಲ್ಪ ಧೂಳು. ಮೊನ್ನೆ ಗಾಂಧಿ ಗಂಜಿನ ಕಾಳಿನ ಪೇಟೆಯಲ್ಲಿ ಹಮಾಲನೊಬ್ಬ ನನ್ನ ಪಕ್ಕದಲ್ಲೇ ಚೀಲವೊಂದನ್ನು ದೊಪ್ಪನೆ ಇಳಿಸಿದ. ಚೀಲದ ಬಾಯಿ ಬಿಚ್ಚಿಕೊಂಡು ಆ ವಾಸನೆ ಮೂಗಿಗೆ ಹೊಡೆಯಿತು. ತೊಗರಿಬೇಳೆ ತರಲು ಹೋಗಿದ್ದ ನಾನು ಬೇಳೆ ಮರೆತು ಬರಿಗೈಯಲ್ಲಿ ಮನೆಗೆ ಬಂದೆ. ಬಂದವನೇ ಅಡುಗೆಮನೆಯ ಮೂಲೆಯಲ್ಲಿದ್ದ ಹಾಲಿನ ಪುಡಿಯ ಹಳೆಯ ಡಬ್ಬಿ ತೆಗೆದು ಮೂಸಿ ನೋಡಿದೆ. ಅದೇ ವಾಸನೆ...

ಆ ಡಬ್ಬಿ ನನ್ನ ಹೆಂಡತಿಯದು. ಪ್ರತಿ ಶನಿವಾರ ಅದನ್ನು ಖಾಲಿ ಮಾಡಿಕೊಂಡು ಹೋಗುತ್ತಿದ್ದವರು ಆಯಿ.

ನಮ್ಮ ಕಡೆ ವಯಸ್ಸಾದ ಹೆಂಗಸರನ್ನು ಆಯಿ ಎಂದೇ ಕರೆಯುವುದು. ಅವರಿಗೆ ಬೇರೆ ಹೆಸರಿತ್ತು. ಓಣಿಯಲ್ಲಿ ಯಾರೂ ಅದನ್ನು ಬಳಸಿದ್ದು ನಾನು ಕೇಳಿಲ್ಲ. ಹಿಡಿಜೋಳದ ಆಯಿ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಬೀದರಿನ ನಮ್ಮ ಓಣಿಯ ಕ್ರೈಸ್ತರ ಮನೆಗಳಲ್ಲಿ ಒಂದು ಪದ್ಧತಿ ಇತ್ತು, ಈಗಲೂ ಕೆಲವು ಮನೆಗಳಲ್ಲಿದೆ. ದಿನಾ ಒಲೆ ಹೊತ್ತಿಸುವ ಮೊದಲು ಒಂದು ಹಿಡಿ ಜೋಳ ತೆಗೆದು ಡಬ್ಬಿಗೆ ಹಾಕಬೇಕು. ಅದು ದೇವರ ಪಾಲು. ಶನಿವಾರ ಆಯಿ ಬಗಲಿಗೆ ಖಾದಿ ಚೀಲ ಹಾಕಿಕೊಂಡು ಮನೆಮನೆಗೆ ಬಂದು ಅದನ್ನು ಸುರಿದುಕೊಂಡು ಚರ್ಚಿಗೆ ಒಯ್ಯುತ್ತಿದ್ದರು. ಸುರಿದುಕೊಳ್ಳುವ ಮೊದಲು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಾಡಿಸುತ್ತಿದ್ದರು. ಅದು ಮುದುಕಿಯರ ಏನೋ ಒಂದು ಚಾಳಿ ಎಂದುಕೊಂಡಿದ್ದೆ.

ನಾನು ಆಗ ನಾಸ್ತಿಕ. ಸುಮ್ಮನೆ ಇದ್ದ ನಾಸ್ತಿಕನಲ್ಲ, ಗಂಟಲು ದೊಡ್ಡದಿದ್ದ ನಾಸ್ತಿಕ. ಅಪ್ಪ ಬಸವಣ್ಣನ ಮಾತಿನಂತೆ ಬದುಕಿದ ಮನುಷ್ಯ, ಭಕ್ತಿಯಲ್ಲೂ ದುಡಿಮೆಯಲ್ಲೂ ದೊಡ್ಡವನು. ಕಾಲೇಜಿಗೆ ಹೋದ ವರ್ಷವೇ ನಾನು ಕೊರಳಿನ ಲಿಂಗ ತೆಗೆದು ಗೂಟಕ್ಕೆ ನೇತುಹಾಕಿದೆ. ಅಪ್ಪ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಮುಂದೆ ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ರಜೆ ಬಂತೆಂದರೆ ಗೆಳೆಯರ ಜೊತೆ ಊರೂರು ತಿರುಗಿ ಪವಾಡ ಬಯಲು ಮಾಡುತ್ತಿದ್ದೆ. ಖಟಕ ಚಿಂಚೋಳಿಯ ಕಟ್ಟೆಯ ಮೇಲೆ ನಿಂತು ನಾಲಿಗೆಯ ಮೇಲೆ ಕರ್ಪೂರ ಉರಿಸಿದರೆ ಇಡೀ ಊರು ಬಾಯಿ ತೆರೆದು ನೋಡುತ್ತಿತ್ತು. ಆ ಚಪ್ಪಾಳೆ ನನಗೆ ತಲೆಗೇರಿತ್ತು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಹೆಂಡತಿ ನರ್ಸು, ಹುಟ್ಟು ಕ್ರೈಸ್ತಳು. ಇಬ್ಬರೂ ಮೆಚ್ಚಿ ಮದುವೆಯಾದೆವು. ಚರ್ಚಿಗೆ ಹೋಗಬೇಡ ಎಂದು ನಾನು ಎಂದೂ ಹೇಳಲಿಲ್ಲ. ಆದರೆ ಹೋಗಿ ಬಂದ ಪ್ರತಿ ಭಾನುವಾರ ಎಷ್ಟು ಕಾಡಿದೆನೆಂದರೆ ಮೂರನೆಯ ವರ್ಷಕ್ಕೆ ಅವಳೇ ಬಿಟ್ಟಳು. ಹಿಡಿಜೋಳ ಮಾತ್ರ ಬಿಡಲಿಲ್ಲ. "ಹಾಕು ಹಾಕು, ನಿಮ್ಮ ಪಾಸ್ಟರ್ ಹೊಟ್ಟೆ ಇನ್ನೂ ಸ್ವಲ್ಪ ಮುಂದೆ ಬರಲಿ" ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಆಯಿಯ ಎದುರಿಗೂ ಅಂದಿದ್ದೇನೆ. ಅವರು ಒಮ್ಮೆ ಮಾತ್ರ ಉತ್ತರ ಕೊಟ್ಟರು.

"ನಮ್ಮ ಪಾಸ್ಟರ್‌ಗಿ ಸಕ್ಕರಿ ಬ್ಯಾನಿ ಅದರಿ ಮಾಸ್ತರ. ನಿಮಗಿಂತ ಸಣ್ಣ ಅದ ಅವರ ಹೊಟ್ಟಿ."

ಹೆಂಡತಿ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದು ನನಗೆ ಕೇಳಿಸಿತ್ತು.

ಅವಳ ಮೂತ್ರಪಿಂಡಗಳು ಕೆಟ್ಟವು. ಎರಡು ವರ್ಷ ಓಡಾಡಿದೆವು. ಕೊನೆಗೆ ಊರಿನ ಆಸ್ಪತ್ರೆಯಲ್ಲೇ ಮಲಗಿದಳು. ನರ್ಸಾದವಳಿಗೆ ತನ್ನ ಕಥೆ ಏನೆಂದು ನನಗಿಂತ ಮೊದಲೇ ಗೊತ್ತಾಗಿತ್ತು. ಒಂದು ಸಂಜೆ ನನ್ನ ಕೈ ಹಿಡಿದು, "ಆಯಿಗಿ ಕರೀರಿ. ಒಂದ್ ಪ್ರಾರ್ಥನಾ ಮಾಡ್ಲಿ" ಎಂದಳು. ನನಗೆ ಸಿಟ್ಟು ಬಂತು. ಹದಿನೈದು ವರ್ಷ ನನ್ನ ಜೊತೆ ಬಾಳಿ ಕೊನೆಗೆ ಅಲ್ಲಿಗೇ ಹೋಗುತ್ತಾಳೆಯೇ ಎಂಬ ಸಿಟ್ಟು. ಅವಳು ಸಾಯುತ್ತಾಳೆ ಎಂಬ ಭಯ ಹಾಗೆ ವೇಷ ಹಾಕಿಕೊಂಡು ಬಂದಿತ್ತೋ ಏನೋ. "ಔಷಧಿ ನಡೆದಿದೆಯಲ್ಲ, ಸುಮ್ಮನೆ ಮಲಗು" ಎಂದೆ.

ಮರುದಿನ ಮಧ್ಯಾಹ್ನ ಆಯಿ ಕರೆಯದೆಯೇ ಬಂದರು. ಚರ್ಚಿಗೆ ಉಡುವ ಬಿಳಿ ಸೀರೆ ಉಟ್ಟಿದ್ದರು. ನಾನು ವಾರ್ಡಿನ ಬಾಗಿಲಿಗೆ ಅಡ್ಡ ನಿಂತೆ.

"ಈಗ ಬ್ಯಾಡ್ರಿ ಆಯಿ. ಮಲಗ್ಯಾಳ."

ಅವಳು ಮಲಗಿರಲಿಲ್ಲ. ಕಣ್ಣು ತೆರೆದು ಬಾಗಿಲನ್ನೇ ನೋಡುತ್ತಿದ್ದಳು. ಸತ್ಯ ಸತ್ಯ ಎಂದು ಊರೂರು ಅರಚಿಕೊಂಡು ತಿರುಗಿದವನು ಆ ಒಂದು ಗಳಿಗೆಯಲ್ಲಿ ನಾಚಿಕೆಯಿಲ್ಲದೆ ಸುಳ್ಳು ಹೇಳಿದೆ. ಆಯಿ ನನ್ನ ಮುಖ ನೋಡಿದರು, ತಲೆ ಆಡಿಸಿದರು, ಹೋದರು. ಮಾರನೆಯ ಬೆಳಿಗ್ಗೆ ಅವಳು ತೀರಿಕೊಂಡಳು.

ಆಮೇಲೆ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ಇದನ್ನು ಹೇಗೆ ಹೇಳುವುದು... ಕುರ್ಚಿಯಲ್ಲಿ ಕೂತರೆ ಏಳಬೇಕು, ಎದ್ದರೆ ಹೊರಗೆ ಹೋಗಬೇಕು. ಶಾಲೆಗೆ ರಜೆ ಹಾಕಿ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತಿದ್ದ ಬಸ್ಸು ಹತ್ತಿಬಿಡುತ್ತಿದ್ದೆ. ಔರಾದಿನಲ್ಲಿ ಇಳಿದು ಅರ್ಧ ಚಹಾ ಕುಡಿದು ಅದೇ ಬಸ್ಸಿಗೆ ವಾಪಸು. ಅಲ್ಲಿಂದ ಭಾಲ್ಕಿ. ಭಾಲ್ಕಿಯಲ್ಲಿ ಶಾಲೆಯ ಗೇಟಿನ ತನಕ ಹೋಗಿ ಮತ್ತೆ ಬೀದರ್. ಕಂಡಕ್ಟರನೊಬ್ಬ "ಸರ್, ಏನಾರ ಕಳಕೊಂಡೀರೇನ್ರಿ?" ಎಂದು ಕೇಳಿದ. ಕುಡಿಯಲು ಕಲಿತೆ. ಅದರಿಂದಲೂ ತಿರುಗಾಟ ನಿಲ್ಲಲಿಲ್ಲ. ಗೆಳೆಯರು ಮನೆಗೆ ಬಂದು ಸಮಾಧಾನ ಹೇಳುತ್ತಿದ್ದರು. ಬಾಗಿಲಿಗೆ ಅಡ್ಡ ನಿಂತ ಸಂಗತಿಯನ್ನು ಅವರಿಗೆ ಹೇಳಿದೆ. ನೀನೇನೂ ತಪ್ಪು ಮಾಡಿಲ್ಲ, ನಂಬಿದ್ದಕ್ಕೆ ನಿಷ್ಠನಾಗಿದ್ದೆ ಅಷ್ಟೇ ಎಂದರು. ಒಳ್ಳೆಯ ಮನಸ್ಸಿನವರು, ಪ್ರೀತಿಯಿಂದಲೇ ಅಂದರು. ಅವರು ಹಾಗೆ ಅಂದ ದಿನವೆಲ್ಲ ನಾನು ಎರಡು ಬಸ್ಸು ಹೆಚ್ಚು ಹತ್ತುತ್ತಿದ್ದೆ.

ಶನಿವಾರ ಬಂದರೆ ಆಯಿ ಮಾತ್ರ ತಪ್ಪದೆ ಬಾಗಿಲಲ್ಲಿ. "ಹಾಕುವವಳೇ ಹೋದಳಲ್ರಿ, ಇನ್ಯಾಕ ಬರ್ತೀರಿ?" ಎಂದು ಒಂದು ಶನಿವಾರ ರೇಗಿದೆ.

"ಒಲಿ ಹತ್ತತದಲ್ರಿ ಮಾಸ್ತರ? ಯಾರ ಹಚ್ಚಿದ್ರು ಒಲಿ ಒಲೀನೇ. ಡಬ್ಬಿ ತರ್ರಿ."

ಡಬ್ಬಿ ತಂದು ಕೊಟ್ಟೆ. ಅಲುಗಾಡಿಸಿದರು. ಸದ್ದಿಲ್ಲ. ಡಬ್ಬಿ ಕೈಗಿಟ್ಟು ಹೋದರು. ಒಂದು ಗಂಟೆಯಲ್ಲಿ ತಿರುಗಿ ಬಂದು ನಾಲ್ಕು ರೊಟ್ಟಿ, ಪುಂಡಿಪಲ್ಯ ಬಾಗಿಲಲ್ಲಿಟ್ಟು ನಡೆದರು. ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು. ಡಬ್ಬಿ ಖಾಲಿ ಎಂದರೆ ಆ ಮನೆಯ ಒಲೆ ಹೊತ್ತಿಲ್ಲ. ಅವರು ಅಲುಗಾಡಿಸಿ ಕೇಳುತ್ತಿದ್ದುದು ಅದನ್ನೇ. ಓಣಿಯಲ್ಲಿ ಯಾರು ಉಂಡಿದ್ದಾರೆ, ಯಾರು ಉಂಡಿಲ್ಲ ಎಂದು ಯಾರನ್ನೂ ಕೇಳದೆ, ಯಾರ ಮಾನವನ್ನೂ ಕಳೆಯದೆ ಅವರು ತಿಳಿದುಕೊಳ್ಳುತ್ತಿದ್ದರು.

ನನಗೆ ಅವಮಾನವಾಯಿತು. ಯಾರ ಕನಿಕರವೂ ಬೇಡವಾಗಿತ್ತು. ಮುಂದಿನ ಶುಕ್ರವಾರ ಸಂಜೆ ಚೀಲದಿಂದ ಬೊಗಸೆ ಬೊಗಸೆ ಜೋಳ ತೆಗೆದು ಡಬ್ಬಿಯ ಕಂಠದ ತನಕ ತುಂಬಿದೆ. ಮುದುಕಿ ನೋಡಲಿ, ನಾನು ದಿನಾ ಉಂಡಿದ್ದೇನೆ ಎಂದುಕೊಳ್ಳಲಿ! ಶನಿವಾರ ಗತ್ತಿನಿಂದ ಕೊಟ್ಟೆ. ಆಯಿ ಅಲುಗಾಡಿಸಿದರು. ತುಂಬಿದ ಡಬ್ಬಿ ಅದು, ಕಾಳು ಅಲುಗಾಡಲೇ ಇಲ್ಲ. ಮುಚ್ಚಳ ತೆಗೆದು ನೋಡಿ ನನ್ನನ್ನು ನೋಡಿದರು.

"ಏಳ ದಿನ ಉಂಡ ಮನಿ ಡಬ್ಬಿ ಹಿಂಗ ತುಂಬೂದಿಲ್ರಿ. ಇದು ಒಂದ ಸಲಕ್ಕ ಸುರದದ್ದು. ಈ ವಾರ ಭೀ ಉಂಡಿಲ್ಲಲ್ರಿ ನೀವು?"

ಪವಾಡ ಬಯಲು ಮಾಡುವವನ ಪವಾಡ ಹೀಗೆ ಬಯಲಾಯಿತು. ನನಗೆ ಅಳುವೂ ಬಂತು, ನಗುವೂ ಬಂತು. ಆಯಿ ತಮ್ಮ ಚೀಲ ನೆಲಕ್ಕಿಟ್ಟು, "ನನ್ನ ಭುಜ ಹಿಡದದ. ನಾಳಿ ಬಿಟ್ಟು ನಾಡದ ಡಾಬಕಾಕ್ಕ ಹೋಗಬೇಕು. ಹ್ಯಾಂಗೂ ಬಸ್ಸಿನಾಗ ಸುಮ್ಮ ತಿರಗ್ತೀರಿ, ಇದರ ಗಂಟು ಹೊರ್ರಿ" ಎಂದರು. ಓಣಿಗೆಲ್ಲ ನನ್ನ ತಿರುಗಾಟ ಗೊತ್ತಿತ್ತು ಅನ್ನಿ.

ಸೋಮವಾರ ಹೋದೆವು. ಡಾಬಕಾ ಔರಾದಿನ ಆಚೆ, ಮಹಾರಾಷ್ಟ್ರದ ಗಡಿಗೆ ಹತ್ತಿರ. ಜೋಳದ ಗಂಟು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ, ಏಳಲು ಆಗುತ್ತಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಕೂತಲ್ಲಿ ಕೂತೆ. ಬಾವಿ ತೋಡುವಾಗ ಗಂಡನನ್ನು ಕಳೆದುಕೊಂಡ ಒಬ್ಬಳ ಮನೆಗೆ ಆ ಜೋಳ. ಮೂರು ಹೆಣ್ಣುಮಕ್ಕಳು. ಪಾಸ್ಟರ್ ಹೊಟ್ಟೆಗೆ ಹೋಗುತ್ತದೆ ಎಂದು ವರ್ಷಗಟ್ಟಲೆ ನಾನು ಅಂದಿದ್ದ ಜೋಳ ಎಲ್ಲಿಗೆ ಬರುತ್ತಿತ್ತು ಎಂದು ಅವತ್ತು ಕಣ್ಣಾರೆ ಕಂಡೆ.

ಆ ಹೆಂಗಸು ನಮಗೂ ರೊಟ್ಟಿ ಬಡಿದಳು. ಉಣ್ಣುವ ಮೊದಲು ತಲೆಗೆ ಸೆರಗು ಹೊದ್ದು ಕಣ್ಣು ಮುಚ್ಚಿ, "ದೇವರೇ, ಈ ಜೋಳ ತೆಗೆದಿಟ್ಟ ಕೈಗಳು ಯಾವ್ಯಾವೋ ನನಗ ಗೊತ್ತಿಲ್ಲ. ನಿನಗ ಗೊತ್ತದ. ಆ ಕೈಗಳಿಗಿ ಆಶೀರ್ವಾದ ಮಾಡಪ್ಪ" ಎಂದಳು. ನಾನು ಕಣ್ಣು ಮುಚ್ಚಿರಲಿಲ್ಲ, ನನ್ನ ಕೈಗಳನ್ನು ನೋಡಿಕೊಂಡೆ. ನನ್ನ ಹೆಂಡತಿಯ ಕೈಗಳಿಗೆ ಇಷ್ಟು ವರ್ಷ ಇಲ್ಲಿ ಆಶೀರ್ವಾದ ನಡೆದಿತ್ತು. ಸುಳ್ಳು ಜೋಳ ಸುರಿದ ನನ್ನ ಕೈಗಳಿಗೂ ಈಗ ನಡೆಯಿತು.

ವಾಪಸು ಬರುವಾಗ ಔರಾದಿನ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಆಯಿಗೆ ಎಲ್ಲ ಹೇಳಿದೆ. ಹೆಂಡತಿ ಅವರನ್ನು ಕರೆಯಲು ಹೇಳಿದ್ದು, ನಾನು ಕರೆಯದೆ ಇದ್ದದ್ದು, ಅವಳು ಎಚ್ಚರವಿದ್ದದ್ದು. ಹೇಳಿ ಮುಗಿಸಿ, ನಿಮ್ಮದೇನೂ ತಪ್ಪಿಲ್ಲ ಎಂಬ ಮಾತಿಗೆ ಮೈ ಬಿಗಿಹಿಡಿದು ಕೂತೆ.

"ತಪ್ಪ ಮಾಡೀರಿ ಮಾಸ್ತರ" ಎಂದರು ಆಯಿ. "ದೊಡ್ಡ ತಪ್ಪ. ಅಲ್ಲಂತ ನಾ ಅನ್ನೂದಿಲ್ಲ."

ಖಾಲಿಯಾದ ಚೀಲವನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ತಪ್ಪ ಅದ ಅಂತೇ ಕ್ಷಮಾ ಭೀ ಅದ. ತಪ್ಪೇ ಇಲ್ಲಂದ್ರ ಕ್ಷಮಾ ಯಾತಕ್ಕ ಬೇಕ್ರಿ? ಕೇಳ್ರಿ ನೀವು. ನನಗಲ್ಲ, ಅವನಿಗಿ" ಎಂದರು.

"ನಂಬಿಕಿ ಇಲ್ದವ ಹ್ಯಾಂಗ ಕೇಳ್ಲಿ ಆಯಿ?"

"ಹಂಗೇ ಕೇಳ್ರಿ. ನಂಬಿಕಿ ಇಲ್ಲಪ್ಪ ಅಂತ ಅದನ್ನ ಭೀ ಹೇಳ್ರಿ. ಸುಳ್ಳು ಮಾತ್ರ ಬ್ಯಾಡ."

ಆ ಬೆಂಚಿನ ಮೇಲೆಯೇ ಕೇಳಿದೆ. ಕಡಲೆಕಾಯಿ ಮಾರುವವನ ಕೂಗು, ಹಾರ್ನು, ನಾಂದೇಡದ ಬಸ್ಸು ಹಿಂದೆ ಮುಂದೆ ಆಡುತ್ತಿದ್ದ ಗದ್ದಲ. ಆಕಾಶ ತೆರೆಯಲಿಲ್ಲ. ಆದರೆ ತಪ್ಪಾಯಿತು ಎಂಬ ಮಾತನ್ನು ಕೇಳಿಸಿಕೊಳ್ಳುವವರು ಒಬ್ಬರಿದ್ದಾರೆ ಎಂದು ಮೈಗೆಲ್ಲ ತಿಳಿಯಿತು. ಅದನ್ನು ಹಲಗೆಯ ಮೇಲೆ ಬರೆದು ಸಾಧಿಸಿ ತೋರಿಸು ಎಂದರೆ ನನ್ನಿಂದ ಆಗದು. ನನ್ನ ಹಳೆಯ ಗೆಳೆಯರಿಗೂ ಅದನ್ನೇ ಹೇಳಿದೆ. ಒಬ್ಬ ಎದ್ದು ಹೋದ, ಇನ್ನೊಬ್ಬ ಈಗಲೂ ಮನೆಗೆ ಬಂದು ಜಗಳಾಡಿ ಉಂಡು ಹೋಗುತ್ತಾನೆ. ಕುಡಿತ ಬಿಡಲು ಒಂದು ವರ್ಷ ಹಿಡಿಯಿತು, ಎರಡು ಸಲ ಜಾರಿದೆ. ಮೂರನೆಯ ವರ್ಷ ದೀಕ್ಷಾಸ್ನಾನ ತೆಗೆದುಕೊಂಡೆ. ಮುಂದಿನ ಚಾಪೆಯಲ್ಲಿ ಆಯಿ ಅದೇ ಬಿಳಿ ಸೀರೆ ಉಟ್ಟು ಕೂತಿದ್ದರು.

ಆಯಿಗೆ ಮಂಡಿ ಹಿಡಿದಾಗ ಚೀಲ ನನ್ನ ಬಗಲಿಗೆ ಬಂತು. ಮನೆಮನೆಗೆ ಹೋದೆ, ಅಲುಗಾಡಿಸಿದೆ, ಕೇಳಿಸಿಕೊಂಡೆ. ಪ್ರತಿ ಶನಿವಾರ ಕೊನೆಗೆ ಅವರ ಕೋಣೆಗೆ ಹೋಗಿ ಹೊಸ್ತಿಲಲ್ಲಿ ಕೂತು ಯಾರ ಡಬ್ಬಿ ಹೇಗಿತ್ತು ಎಂದು ಹೇಳುತ್ತಿದ್ದೆ. ಅವರು ಗೋಡೆಗೆ ಒರಗಿ, ಅವರಿಗಿ ಇಷ್ಟು ಕೊಡ್ರಿ, ಇವರಿಗಿ ಅಷ್ಟು ಕೊಡ್ರಿ ಎನ್ನುತ್ತಿದ್ದರು. "ನೀವು ಉಂಡ್ರೇನ್ರಿ ಆಯಿ?" ಎಂದರೆ "ಆಯ್ತಪಾ ಆಯ್ತು" ಎನ್ನುತ್ತಿದ್ದರು. ನಾನು ಎದ್ದು ಬರುತ್ತಿದ್ದೆ. ಮುಂದಿನ ಕೆಲಸದ ಗಡಿಬಿಡಿ ನನಗೆ...

ಎರಡು ವರ್ಷದ ಹಿಂದೆ ಒಂದು ಗುರುವಾರ ಪಕ್ಕದ ಮನೆಯವರು ಕರೆದರು. ಆಯಿ ನಿದ್ದೆಯಲ್ಲೇ ಹೋಗಿದ್ದರು. ಮೈ ಎತ್ತಲು ಕೈ ಹಾಕಿದಾಗ ಅವರು ಎಷ್ಟು ಹಗುರವಾಗಿದ್ದರೆಂದರೆ ನಾನು ಬೆಚ್ಚಿಬಿದ್ದೆ. ಮಣ್ಣು ಮಾಡಿ ಬಂದ ಮೇಲೆ ಕೋಣೆ ಗುಡಿಸಲು ಹೋದೆ. ಒಲೆಯ ಹಿಂದೆ ಅವರದೂ ಒಂದು ಡಬ್ಬಿ ಇತ್ತು. ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ.

ಸದ್ದಿರಲಿಲ್ಲ.

ಅಷ್ಟು ವಾರ ಓಣಿಯ ಎಲ್ಲ ಡಬ್ಬಿಗಳನ್ನು ಅಲುಗಾಡಿಸಿದವನು ಅದೊಂದನ್ನು ಕೇಳಿರಲಿಲ್ಲ. ಬಾಯಿಮಾತಿಗೆ ಕೇಳಿದೆ, ಬಾಯಿಮಾತಿಗೆ ಅವರು ಉತ್ತರ ಕೊಟ್ಟರು. ಸುಳ್ಳು ಮಾತ್ರ ಬ್ಯಾಡ ಎಂದವರು ನನಗೆ ಹೇಳಿದ ಒಂದೇ ಸುಳ್ಳು ಅದು.

ಇವತ್ತು ಶನಿವಾರ. ಚೀಲ ಬಗಲಿಗೆ ಹಾಕಿಕೊಂಡಿದ್ದೇನೆ, ಕೂತಲ್ಲಿ ಕೂರದ ಚಾಳಿ ಇನ್ನೂ ಪೂರ್ತಿ ಹೋಗಿಲ್ಲ. ಹೊರಡುವ ಮೊದಲು ಹೆಂಡತಿಯ ಡಬ್ಬಿ ಅಲುಗಾಡಿಸಿದೆ, ಏಳು ದಿನದ ಏಳು ಹಿಡಿ ಜೋಳ ಒಳಗೆ ಸರಸರ ಎಂದಿತು. ತಪ್ಪಾಯಿತು ಎಂದೆ. ಮೊದಲು ಅವಳ ಒಬ್ಬಳ ಪಾಲಿಗೆ ಹೇಳುತ್ತಿದ್ದೆ, ಈಗ ಇಬ್ಬರ ಪಾಲಿಗೂ ಹೇಳುತ್ತೇನೆ. ಎದುರುಮನೆಯ ಅಜ್ಜ ಮೂರು ವಾರದಿಂದ ಡಬ್ಬಿಯನ್ನು ಕಂಠದ ತನಕ ತುಂಬಿ ಕೊಡುತ್ತಿದ್ದಾರೆ. ಮೊದಲು ಅಲ್ಲಿಗೇ ಹೋಗಬೇಕು.