ಬೂದಿ ಎರಚಿ ಕಾಡೆಮ್ಮೆ ಕಾಯುವ ಆರ್ಡಿತ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಏಪ್ರಿಲ್ ಮುಗಿಯುತ್ತ ಬಂದರೂ ಮೊಂಟಾನಾದ ಈ ಸರೋವರದಂಚಿನ ನಮ್ಮ ಊರಿನಿಂದ ಚಳಿಗಾಲ ಕದಲುವ ಲಕ್ಷಣವಿಲ್ಲ. ಇಲ್ಲಿ ಬೀಳುವಷ್ಟು ಹಿಮ ಧ್ರುವದಲ್ಲೂ ಬೀಳುವುದಿಲ್ಲ ಎಂದು ನಾನು ಯಾರ ಜೊತೆ ಬೇಕಾದರೂ ಪಣ ಕಟ್ಟುತ್ತೇನೆ. ಜನವರಿಯಲ್ಲಿ ಹೊಗೆಕೊಳವೆ ನೋಡಿಯೇ ಯಾರ ಮನೆ ಯಾವುದೆಂದು ಗುರುತು ಹಿಡಿಯಬೇಕು. ಆ ಹಿಮದ ಮೇಲೆ ಆರ್ಡಿತ್ ಕಲ್ವರ್ ತಗಡಿನ ಬಕೆಟ್ ಹಿಡಿದು ನಡೆಯುತ್ತಿದ್ದಾರೆ. ಅವರ ಬಗ್ಗೆ ಬರೆಯಲೆಂದು ನಾನು ಹಿಂದೆ ಹಿಂದೆ ನಡೆಯುತ್ತಿದ್ದೇನೆ. ಬಕೆಟ್ಟಿನಲ್ಲಿ ಒಲೆಯ ಬೂದಿ. ಹಿಡಿ ತುಂಬ ತೆಗೆದು, ಬೀಜ ಬಿತ್ತುವವರ ಹಾಗೆ ಎರಚುತ್ತಾರೆ.

"ಬರೀ ಬಿಳಿ ಇದ್ರೆ ಬಿಸಿಲು ನಿಲ್ಲಲ್ಲ. ಕಪ್ಪು ಬಿದ್ರೆ ಹಿಡ್ಕೊಳ್ಳುತ್ತೆ," ಎನ್ನುತ್ತಾರೆ. "ಬೂದಿ ಬಿದ್ದ ಕಡೆ ಹಿಮ ಬೇಗ ಕರಗಿ ಹುಲ್ಲು ಕಾಣುತ್ತೆ. ಹುಲ್ಲು ಕಂಡ ಕಡೆ ಅವು ಬರ್ತವೆ."

ಅವು ಎಂದರೆ ಕಾಡೆಮ್ಮೆಗಳು, ಇಲ್ಲಿಯ ಬೈಸನ್‌ಗಳು. ಒಂದೊಂದು ಕೋಣವೂ ನಮ್ಮೂರ ಚರ್ಚಿಗಿಂತ ಚೂರೇ ಚಿಕ್ಕದು. ವಸಂತ ಬಂತೆಂದರೆ ಬಸುರಿ ಎಮ್ಮೆಗಳು ರಕ್ಷಿತಾರಣ್ಯದ ಎತ್ತರದಿಂದ ಸರೋವರದ ದಂಡೆಗೆ ಇಳಿಯುತ್ತವೆ. ಅರಣ್ಯದ ಗಡಿ ಇರುವುದು ನಕ್ಷೆಯಲ್ಲಿ, ಅವುಗಳ ತಲೆಯಲ್ಲಲ್ಲ. ಗಡಿ ದಾಟಿದವನ್ನು ಜಾನುವಾರು ಇಲಾಖೆಯವರು ಹಿಂದಕ್ಕೆ ಅಟ್ಟುತ್ತಾರೆ, ಇಲ್ಲವೇ ದೊಡ್ಡಿಗೆ ಕೂಡಿ ಕಸಾಯಿಖಾನೆಗೆ ಸಾಗಿಸುತ್ತಾರೆ. ಕಾಡೆಮ್ಮೆಯಿಂದ ಕಂದು ರೋಗ ತಗುಲಿ ತಮ್ಮ ಹಸುಗಳ ಗರ್ಭ ಇಳಿದೀತು ಎಂಬುದು ದನ ಸಾಕುವವರ ಭಯ. ಈ ಸಲವೂ ರಸ್ತೆಯ ತಿರುವಿನಲ್ಲಿ ದೊಡ್ಡಿ ಸಿದ್ಧವಾಗಿದೆ. ಗುಡ್ಡದ ಮೇಲೆ ಹಿಂಡು ಆಗಲೇ ಕಾಣುತ್ತಿದೆ.

ಆದರೆ ಮನೆಯವರು ಒಪ್ಪದೆ ಖಾಸಗಿ ಅಂಗಳಕ್ಕೆ ಅಧಿಕಾರಿಗಳು ಕಾಲಿಡುವಂತಿಲ್ಲ. ಆರ್ಡಿತ್ ಅವರ ಇಡೀ ಹೋರಾಟ ನಿಂತಿರುವುದು ಇದೊಂದರ ಮೇಲೆ. 'ಇಲ್ಲಿ ಕಾಡೆಮ್ಮೆ ನಿಲ್ಲಬಹುದು' ಎಂಬ ಹಳದಿ ಹಲಗೆಯನ್ನು ಅವರು ಮನೆಮನೆಯ ಗೇಟಿಗೆ ಕಟ್ಟಿಸಿದ್ದಾರೆ. ಪತ್ರಿಕೆಗಳಲ್ಲಿ ಚಿತ್ರ ಬರುವುದು ಘೋಷಣೆ ಕೂಗುವ ಹುಡುಗರದು. ಈ ಹೆಂಗಸಿನದು ಒಮ್ಮೆಯೂ ಬಂದಿಲ್ಲ.

ಅರ್ಧ ಆಯುಷ್ಯ ಅವರು ಹೆದ್ದಾರಿಯ ವಸತಿಗೃಹದಲ್ಲಿ ಹಾಸಿಗೆ ಬಟ್ಟೆ ಒಗೆದವರು. ಒಂದು ವಸಂತದಲ್ಲಿ ಅದರ ಹಿಂದೆಯೇ ಮಲಗುತ್ತಿದ್ದ ಹಿಂಡನ್ನು ಇಲಾಖೆಯವರು ಲಾರಿಗೆ ತುಂಬಿದರು. "ಇವತ್ತೋ ನಾಳೆಯೋ ಕರು ಹಾಕೋವು. ಲಾರಿ ಹೋದ್ಮೇಲೂ ನಾನು ಬಟ್ಟೆ ಮಡಿಸ್ತಾನೇ ಇದ್ದೆ. ಏನ್ಮಾಡ್ಬೇಕು ಅಂತಾನೇ ತೋಚ್ಲಿಲ್ಲ. ಮಾರನೇ ಚಳಿಗಾಲ ಪಕ್ಕದ ಮನೆ ಛಾವಣಿ ಹತ್ತಿ ಹಿಮ ತಳ್ಳಿ ಕೊಟ್ಟೆ."

ಹಿಮ ತಳ್ಳದಿದ್ದರೆ ನಮ್ಮಲ್ಲಿ ಛಾವಣಿ ಕುಸಿದು ಊಟದ ಮೇಜಿನ ಮೇಲೆ ಕೂರುತ್ತದೆ. ಮಂಡಿ ಸವೆದ ಈ ಹೆಂಗಸು ಸಲಿಕೆ ಹಿಡಿದರೆ ಪುರಸಭೆಯ ಯಂತ್ರಕ್ಕೇ ನಾಚಿಕೆಯಾಗಬೇಕು. ಕೂಲಿ ಕೇಳುವುದಿಲ್ಲ. ಕೆಳಗಿಳಿದು, ಕೊಟ್ಟ ಕಾಫಿ ಕುಡಿದು, ಹಲಗೆಯ ಮಾತೆತ್ತುತ್ತಾರೆ. ಹೋಗುವಾಗ ಒಲೆಯ ಬೂದಿಯನ್ನೂ ಕೇಳಿ ಒಯ್ಯುತ್ತಾರೆ. ಹಳೆಯ ಮರಮುಟ್ಟು ಉರಿಸುವವರ ಬೂದಿಯಲ್ಲಿ ಮೊಳೆ ಇರುತ್ತದೆ, ಗೊರಸಿಗೆ ಚುಚ್ಚುತ್ತದೆ. ಅದಕ್ಕೇ ಜರಡಿ ಹಿಡಿದೇ ಎರಚುವುದು.

ಒಪ್ಪದೆ ಉಳಿದವರು ಡೆಲ್ಬರ್ಟ್ ಸ್ಟ್ರೂಪ್ ಒಬ್ಬರೇ. ದನ ಸಾಕುವವರು, ಭೂಮಿಯ ಮೇಲಿನ ಅತ್ಯಂತ ಹಟಮಾರಿ ಮನುಷ್ಯ. ಅವರ ಅಂಗಳ ಗುಡ್ಡಕ್ಕೂ ಸರೋವರಕ್ಕೂ ನಡುವೆ ಇದೆ. ಅಲ್ಲಿ ದಾರಿ ಸಿಗದಿದ್ದರೆ ಹಿಂಡು ಸುತ್ತಿ ರಸ್ತೆಗೆ ಬರಬೇಕು, ದೊಡ್ಡಿಯ ಬಾಯಿಗೆ.

ಆರ್ಡಿತ್ ತಪ್ಪು ಮಾಡಿದ್ದೂ ಅಲ್ಲೇ. ಹೋದ ವರ್ಷ ಡೆಲ್ಬರ್ಟ್ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಪಾಪ, ಮತ್ತೆ ಜಾರದಿರಲಿ ಎಂದು ಆರ್ಡಿತ್ ಮಾರ್ಚಿ ಪೂರ್ತಿ ಅವರ ಅಂಗಳಕ್ಕೆ ಬೂದಿ ಹಾಕಿದರು. ಊರಿಗೆಲ್ಲ ಮೊದಲು ಹುಲ್ಲು ಕಂಡದ್ದು ಆ ಅಂಗಳದಲ್ಲಿ. ಹಲಗೆ ಇಲ್ಲದ ಆ ಒಂದೇ ಮನೆಗೆ ಹಿಂಡು ನೇರ ಬಂದು, ಒಂದು ಎಮ್ಮೆ ಕರು ಹಾಕಲು ಮಲಗಿಯೇಬಿಟ್ಟಿತು. ಆರ್ಡಿತ್ ಓಡಿ ಬಂದಾಗ ಡೆಲ್ಬರ್ಟ್ ಫೋನ್ ಹಿಡಿದು ಜಗಲಿಯಲ್ಲಿ ಕೂತಿದ್ದರು. ಆಗ ನಾನೂ ಅಲ್ಲಿದ್ದೆ.

"ಬಂದ್ರು ನೋಡು ನಿನ್ನ ನೆಂಟರು."

"ನಾನೇನು ಕರೆದಿಲ್ಲ."

"ಊಟಕ್ಕಿಟ್ಟೋಳು ನೀನೇ. ಈಗ ಕರೆದಿಲ್ಲ ಅಂತೀಯ."

"ಇಲಾಖೆಗೆ ಫೋನ್ ಮಾಡೋದಾದ್ರೆ ಮಾಡು ಡೆಲ್ಬರ್ಟ್. ಕರು ಎದ್ದು ನಿಂತ್ಮೇಲೆ ಮಾಡು."

"ನಾಳೆ ನನ್ನ ಹಸುಗಳಿಗೆ ರೋಗ ಬಂದ್ರೆ?"

"ನಿನ್ನ ಹಸು ಇಲ್ಲಿಗೆ ಬರೋದು ಜೂನ್‌ನಲ್ಲಿ. ಅಷ್ಟೊತ್ತಿಗೆ ಬಿಸಿಲು ರೋಗಾಣುನೆಲ್ಲಾ ಸುಟ್ಟಿರುತ್ತೆ."

"ಸುಡದಿದ್ರೆ?"

ಆರ್ಡಿತ್ ಜಗಲಿಯ ಮೆಟ್ಟಿಲ ಮೇಲೆ ಕೂತು ಎಮ್ಮೆಯತ್ತ ತಿರುಗಿದರು.

ಎಮ್ಮೆ ಕರು ಹಾಕಿತು. ಕರು ಎದ್ದಿತು, ಬಿತ್ತು, ಮತ್ತೆ ಎದ್ದು ಮತ್ತೆ ಬಿತ್ತು. ಕಡೆಗೊಮ್ಮೆ ನಾಲ್ಕು ಕಾಲೂ ಊರಿ ನಿಂತಾಗ ಡೆಲ್ಬರ್ಟ್ ಫೋನನ್ನು ಜೇಬಿಗಿಟ್ಟು, "ಈ ಸಲ ಅಷ್ಟೇ ಕಣೆ. ಹಲಗೆ ಗಿಲಗೆ ಅಂತ ಬಂದೀಯ, ಹುಷಾರು," ಎಂದರು. ಮುಂದೆ ಅವರ ಹಸುಗಳಿಗೆ ಏನೂ ಆಗಲಿಲ್ಲ. ಹಲಗೆಯನ್ನೂ ಅವರು ಕಟ್ಟಲಿಲ್ಲ.

ಹಾಗಾಗಿ ಈ ವರ್ಷ ಆರ್ಡಿತ್ ಆ ಅಂಗಳದತ್ತ ಒಂದು ಚಿಟಿಕೆ ಬೂದಿಯನ್ನೂ ಬೀಳಿಸಿಲ್ಲ. ಇವತ್ತು ಪಕ್ಕದ ಮನೆ ಮುಗಿಸಿ ಬರುವಾಗ ಡೆಲ್ಬರ್ಟ್ ಅವರ ಗೇಟಿನ ಹೊರಗೆ ಒಂದು ಬಕೆಟ್ ಇದೆ. ತುಂಬ ಬೂದಿ. ಆರ್ಡಿತ್ ಆಚೀಚೆ ನೋಡಿ ಅದನ್ನೆತ್ತಿಕೊಂಡು ಆಚೆ ಮನೆಯ ಕಡೆ ಹೊರಡುತ್ತಾರೆ. ಕಿಟಕಿ ತೆರೆದುಕೊಳ್ಳುತ್ತದೆ.

"ಏ ಮುದುಕಿ, ಎಲ್ಲಿಗೆ ಹೊತ್ಕೊಂಡು ಹೊರಟೆ? ಅದು ನಮ್ಮನೆ ಬೂದಿ. ಇಲ್ಲೇ ಹಾಕು."

ಕಿಟಕಿ ಮುಚ್ಚುತ್ತದೆ. ಆರ್ಡಿತ್ ಬಕೆಟ್ ಹೊತ್ತು ಹಿಂದಿರುಗುತ್ತಾರೆ. ಆಮೇಲೆ ಗೇಟು ದಾಟಿ ಒಳಗೆ ಹೋಗಿ, ಅಭ್ಯಾಸಬಲದಿಂದ ಜರಡಿ ತೆಗೆಯುತ್ತಾರೆ. ಡೆಲ್ಬರ್ಟ್ ಚಳಿಗಾಲವಿಡೀ ಹಳೆಯ ಬೇಲಿಯ ಹಲಗೆಗಳನ್ನೇ ಉರಿಸಿದ್ದು ಊರಿಗೆಲ್ಲ ಗೊತ್ತು. ಆರ್ಡಿತ್ ಜರಡಿ ಆಡಿಸುತ್ತಾರೆ. ಇನ್ನೊಮ್ಮೆ ಆಡಿಸುತ್ತಾರೆ. ಬಕೆಟ್ಟಿನ ತಳದವರೆಗೂ ಕೈ ಹಾಕಿ ನೋಡುತ್ತಾರೆ.

"ಒಂದು ಮೊಳೆನೂ ಇಲ್ಲ," ಎನ್ನುತ್ತಾರೆ, ಅಂಗೈ ತೋರಿಸುತ್ತ. "ನೀವು ಬರ್ಕೊಳ್ಳೋದಾದ್ರೆ ಇದನ್ನ ಬರ್ಕೊಳ್ಳಿ."