ಲೆಕ್ಕಕ್ಕಿಲ್ಲದ ಇನ್ನೂರ ನಲವತ್ತನಾಲ್ಕು ಕೆಲಸಗಳು

ನಮ್ಮ ಮನೆಯವರು ಟೈಲ್ಸ್ ಹಾಕುವವರು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಊರಿನವರು ಅವರನ್ನು ಗುಳ್ಳೆ ಮೇಸ್ತ್ರಿ ಎನ್ನುತ್ತಾರೆ. ರಸಮಟ್ಟದ ಗಾಜಿನೊಳಗೆ ಆ ಪುಟ್ಟ ಗುಳ್ಳೆ ನಟ್ಟನಡುವೆ ಬಂದು ನಿಲ್ಲುವವರೆಗೆ ಅವರು ಮುಂದಿನ ಟೈಲ್ಸ್ ಮುಟ್ಟುವುದಿಲ್ಲ, ಅದಕ್ಕೆ. ನನ್ನ ಹೆರಿಗೆಯಾದಾಗ ಆಸ್ಪತ್ರೆಗೆ ಬಂದವರು, ಮಗಳ ಮುಖ ನೋಡಿ ಆಡಿದ ಮೊದಲ ಮಾತು, "ಹೊರಗಡೆ ಕಾರಿಡಾರಲ್ಲಿ ನೆಲ ಎಡಕ್ಕೆ ವಾಲಿದೆ ಕಣೇ" ಎಂದು. ಮಗಳು ನೆಟ್ಟಗಿದ್ದಾಳೆಯೇ ಎಂಬುದನ್ನು ನಾನೇ ನೋಡಿಕೊಂಡೆ.

ಇಪ್ಪತ್ತಾರು ವರ್ಷ ಊರಿನವರ ನೆಲದ ಮೇಲೆ ಮಂಡಿಯೂರಿದರೆ ಮಂಡಿಗೇನು ಪ್ರಶಸ್ತಿ ಕೊಡುತ್ತಾರೆಯೇ? ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, "ಇನ್ನೊಂದು ವರ್ಷ ಹೀಗೇ ಮಾಡಿದ್ರೆ ಆಮೇಲೆ ಕೂರೋದು ಮಾತ್ರ ಇರುತ್ತೆ, ಏಳೋದು ಇರಲ್ಲ" ಎಂದರು. ಮನೆಗೆ ಬಂದ ಮೇಲೆ ಇವರು ಮೂರು ದಿನ ಆ ರಸಮಟ್ಟವನ್ನೇ ಒರೆಸುತ್ತಾ ಕೂತರು. ನಾಲ್ಕನೆಯ ದಿನ ತಾವಾಗಿಯೇ ಬಾಯಿಬಿಟ್ಟು, ಮೂಲೆಯ ಅಂಗಡಿ ಖಾಲಿಯಾಗುತ್ತಿದೆ, ಅಲ್ಲಿ ಟೈಲ್ಸ್ ಮಾರೋಣ, ಹಾಕುವ ಕೆಲಸ ಬೇರೆಯವರಿಗಿರಲಿ ಎಂದರು. ಮದುವೆಯಾದ ಮೇಲೆ ಅವರ ಬಾಯಿಂದ ಬಂದ ಮೊದಲ ಬುದ್ಧಿವಂತ ಮಾತು ಅದು. ನನಗೆ ಖುಷಿಯಾಗಿ ಅಳು ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ತೋರಿಸಿಕೊಂಡರೆ ತಲೆಮೇಲೆ ಕೂರುತ್ತಾರೆ.

ಅಂಗಡಿಯ ಒಡತಿ ಎಂಬತ್ತು ಸಾವಿರ ಮುಂಗಡ ಕೇಳಿದಳು, ಅದೂ ಮುಂದಿನ ತಿಂಗಳ ಕೊನೆಯೊಳಗೆ, ಇಲ್ಲವಾದರೆ ಔಷಧಿ ಅಂಗಡಿಯವನಿಗೆ ಕೊಡುತ್ತಾಳಂತೆ. ಅಷ್ಟು ನಮ್ಮ ಹತ್ತಿರ ಇತ್ತು. ಸರಕಿಗೆ ಮಾತ್ರ ಬ್ಯಾಂಕಿನ ಸಾಲ ಆಗಬೇಕು. ಬ್ಯಾಂಕಿನವರು ಮೂರು ವರ್ಷದ ಆದಾಯದ ಲೆಕ್ಕವನ್ನು ಅಕೌಂಟೆಂಟ್ ಸಹಿಯೊಂದಿಗೆ ತನ್ನಿ ಎಂದರು. ಹೀಗೆ ನಮ್ಮ ಬಾಳಿಗೆ ಅಕೌಂಟೆಂಟರು ಕಾಲಿಟ್ಟರು. ಹೊಸಬರೇನಲ್ಲ. ಎರಡು ವರ್ಷದ ಹಿಂದೆ ಅವರ ಅಡುಗೆಮನೆಗೆ ಟೈಲ್ಸ್ ಹಾಕಿದ್ದು ನಮ್ಮವರೇ. ನಮ್ಮ ಲೆಕ್ಕ ಬರೆದುಕೊಡಲು ಹನ್ನೆರಡು ಸಾವಿರಕ್ಕೆ ಮಾತಾಯಿತು. ನಾಲ್ಕು ಪುಟದ ಒಪ್ಪಂದಕ್ಕೆ ಇವರು ಓದದೇ ಸಹಿ ಹಾಕಿದರು. ಏಕೆ ಓದಲಿಲ್ಲ ಎಂದರೆ, ಅವರ ಆಫೀಸಿನ ಬಾಗಿಲ ಹತ್ತಿರ ಎರಡು ಟೈಲ್ಸ್ ನಡುವಿನ ಸಂದು ಒಂದೇ ಸಮ ಇರಲಿಲ್ಲವಂತೆ, ಅದನ್ನು ನೋಡುತ್ತಿದ್ದರಂತೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಮ್ಮವರಿಗೆ ಒಂದು ರೇಟು ಹೇಳಿದರೆ ಮುಗಿಯಿತು, ಆಮೇಲೆ ಆಕಾಶ ಕಳಚಿ ಬಿದ್ದರೂ ಅದರ ಮೇಲೆ ಒಂದು ಕಾಸು ಕೇಳುವುದಿಲ್ಲ. ಇದು ಊರಿಗೆಲ್ಲ ಗೊತ್ತು. ಗೊತ್ತಿರುವುದರಿಂದಲೇ ಪ್ರತಿ ಮನೆಯಲ್ಲೂ ಕೆಲಸ ಅರ್ಧಕ್ಕೆ ಬಂದಾಗ ಆ ಮನೆಯ ಯಜಮಾನನೋ ಯಜಮಾನಿಯೋ ಕಾಫಿ ಲೋಟ ಹಿಡಿದು ಬಂದು ಒಂದು ಮಂತ್ರ ಹೇಳುತ್ತಾರೆ: "ಹೇಗೂ ಬಂದಿದ್ದೀರಲ್ಲ." ಹೇಗೂ ಬಂದಿದ್ದೀರಲ್ಲ, ಆ ಹೊಸಿಲು ಸ್ವಲ್ಪ ನೋಡಿ. ಹೇಗೂ ಬಂದಿದ್ದೀರಲ್ಲ, ಮಹಡಿ ಮೇಲೆ ನೀರು ನಿಲ್ಲುತ್ತೆ. ಇವರು ಕಾಫಿ ಕುಡಿದು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಅದನ್ನೂ ಮಾಡಿಕೊಟ್ಟು ಬರುತ್ತಾರೆ. ಒಂದು ಲೋಟ ಕಾಫಿಗೆ ಎರಡು ದಿನದ ಕೂಲಿ.

ಮಾಡಿ ಮರೆತರಾದರೂ ಆಗುತ್ತಿತ್ತು. ಮರೆಯುವುದಿಲ್ಲ. ದಿನಾ ಸಂಜೆ ಕೈಕಾಲು ತೊಳೆದು ಡೈರಿ ತೆರೆದು, ಪುಕ್ಕಟೆ ಮಾಡಿದ್ದನ್ನೂ ಅಳತೆ ಸಮೇತ ಬರೆದು, ಪಕ್ಕದಲ್ಲಿ ದುಂಡಗೆ "ಲೆಕ್ಕಕ್ಕಿಲ್ಲ" ಎಂದು ಬರೆಯುತ್ತಾರೆ. "ಲೆಕ್ಕಕ್ಕಿಲ್ದೇ ಇರೋದನ್ನ ಯಾಕೆ ಬರೀತೀರಿ?" ಎಂದು ಒಮ್ಮೆ ಕೇಳಿದ್ದೆ. "ಮಾಡಿದ ಕೆಲಸ ಅಲ್ವೇನೇ, ಬರೀದೇ ಇದ್ರೆ ಸುಳ್ಳಾಗುತ್ತೆ" ಎಂದರು. ಹರಿಶ್ಚಂದ್ರನ ತುಂಡು. ಮೂರು ವರ್ಷದ ಅಂಥ ಮೂರು ಡೈರಿಗಳನ್ನು ರಶೀದಿಗಳ ಜೊತೆ ಒಂದು ಖಾಲಿ ಟೈಲ್ಸ್ ಡಬ್ಬದಲ್ಲಿ ಹಾಕಿ ಅಕೌಂಟೆಂಟರಿಗೆ ಒಪ್ಪಿಸಿ ಬಂದರು.

ಐದು ವಾರದ ಮೇಲೆ ಫೈಲು ಸಿದ್ಧ ಎಂದು ಫೋನು ಬಂತು. ಅದಕ್ಕಿಂತ ಮೊದಲೇ ಬಿಲ್ಲು ಬಂತು. ನಲವತ್ತೆಂಟು ಸಾವಿರದ ಆರುನೂರು.

ನಾನು ಮೊದಲು ಸೊನ್ನೆ ಜಾಸ್ತಿ ಬಿದ್ದಿರಬೇಕು ಎಂದುಕೊಂಡೆ. ಆಮೇಲೆ ಕನ್ನಡಕ ಹಾಕಿಕೊಂಡು ಓದಿದೆ. ಒಪ್ಪಿದ ಕೆಲಸಕ್ಕೆ ಹನ್ನೆರಡು ಸಾವಿರ. ಅದರ ಕೆಳಗೆ, "ದಿನಚರಿಯಲ್ಲಿ ಲೆಕ್ಕಕ್ಕಿಲ್ಲ ಎಂದು ನಮೂದಾದ 244 ಕೆಲಸಗಳ ಪರಿಶೀಲನೆ, ತಲಾ ಹದಿನೈದು ನಿಮಿಷ, ನೂರೈವತ್ತರಂತೆ." ಅಂದರೆ ಅವರು ಇದನ್ನೆಲ್ಲ ಮುಚ್ಚಿಟ್ಟ ಆದಾಯ ಎಂದು ತಿಳಿದಿದ್ದಾರೆ. ಒಂದೊಂದು ಮನೆಗೂ ಫೋನು ಮಾಡಿ, ಈ ಕೆಲಸಕ್ಕೆ ಮೇಸ್ತ್ರಿಗೆ ದುಡ್ಡು ಕೊಟ್ಟಿದ್ದೀರಾ ಎಂದು ವಿಚಾರಿಸಿದ್ದಾರೆ. ಎಲ್ಲರೂ ಒಂದೇ ಬಾಯಲ್ಲಿ, ಇಲ್ಲಪ್ಪ, ಒಂದು ಕಾಸೂ ಕೊಟ್ಟಿಲ್ಲ ಎಂದಿದ್ದಾರೆ. ಬಿಲ್ಲಿನ ಹಿಂದೆ ಒಂಬತ್ತು ಪುಟದ ಪಟ್ಟಿ, ಪ್ರತಿ ಸಾಲಿನ ಕೊನೆಯಲ್ಲೂ "ಪಡೆದ ಮೊತ್ತ: ಸೊನ್ನೆ". ನಮ್ಮವರು ತೆಗೆದುಕೊಳ್ಳದ ದುಡ್ಡನ್ನು ತೆಗೆದುಕೊಂಡಿಲ್ಲ ಎಂದು ಸಾಬೀತು ಮಾಡಿದ್ದಕ್ಕೆ ನಾವು ಮೂವತ್ತಾರು ಸಾವಿರದ ಆರುನೂರು ಕೊಡಬೇಕು. ಕೊಟ್ಟ ಮೇಲೇ ಫೈಲು.

ಹನ್ನೆರಡನ್ನು ಬೇರೆ ಎತ್ತಿಟ್ಟಿದ್ದೆ. ಮಿಕ್ಕಿದ್ದು ಅಂಗಡಿಯ ಮುಂಗಡದಿಂದಲೇ ಹೋಗಬೇಕು. ಕೊಟ್ಟರೆ ಅಂಗಡಿ ಇಲ್ಲ, ಕೊಡದಿದ್ದರೆ ಸಾಲ ಇಲ್ಲ. ತಿಂಗಳ ಕೊನೆಗೆ ಆರು ದಿನ ಉಳಿದಿತ್ತು.

"ಓದಿದೋರು, ಕಷ್ಟಪಟ್ಟು ಮಾಡಿದಾರೆ. ಕೊಟ್ಬಿಡೋಣ" ಎಂದರು ಇವರು. "ಅಂಗಡಿ ಮುಂದಿನ ವರ್ಷ ನೋಡಿದ್ರಾಯ್ತು."

ನನ್ನ ಪಿತ್ತ ನೆತ್ತಿಗೇರಿತು. "ಮುಂದಿನ ವರ್ಷ ನೋಡೋಕೆ ನಿಮ್ಮನ್ನ ಯಾರು ಎತ್ಕೊಂಡು ಹೋಗ್ತಾರೆ?" ಎಂದೆ. ಅವರು ಮಂಡಿ ಸವರಿಕೊಂಡರು. ನಾನು ಒಂಬತ್ತು ಪುಟವನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಹರಡಿಕೊಂಡು ಒಂದೊಂದೇ ಸಾಲು ಓದುತ್ತಾ ಹೋದೆ. ನೀಲಿ ಗೇಟಿನ ಮನೆ, ಹೊಸಿಲು. ಹಲ್ಲಿನ ಡಾಕ್ಟರ ಅತ್ತೆ, ಬಟ್ಟೆ ಒಗೆಯುವ ಕಟ್ಟೆ. ಮೂರು ನಾಯಿ ಮನೆ, ಮೆಟ್ಟಿಲು ಹನ್ನೊಂದು. ಓದುತ್ತಾ ಹೋದಂತೆ ಕೋಪ ಅಕೌಂಟೆಂಟರ ಮೇಲಿಂದ ಜಾರಿ ಬೇರೆ ಕಡೆಗೆ ಹೊರಟಿತು. ಆ ಮೆಟ್ಟಿಲು ಹಾಕಿದ ವಾರ ಮಗಳ ಕನ್ನಡಕಕ್ಕೆ ನಾನು ಅಣ್ಣನ ಹತ್ತಿರ ಕೈಚಾಚಿದ್ದೆ. ಇವರು ಹನ್ನೊಂದು ಮೆಟ್ಟಿಲು ದಾನ ಮಾಡಿ ಬಂದು ಡೈರಿ ಬರೆಯುತ್ತಾ ಕೂತಿದ್ದರು. ನೂರ ಮೂವತ್ತೊಂದನೆಯ ಸಾಲಿಗೆ ಬಂದಾಗ ನನ್ನ ಬೆರಳು ನಿಂತಿತು. ಎರಡು ಸಲ ಓದಿದೆ. ಆಮೇಲೆ ಸೀರೆ ಬದಲಾಯಿಸಿ, ಚಪ್ಪಲಿ ಮೆಟ್ಟಿಕೊಂಡು, "ಏಳಿ" ಎಂದೆ.

ಅಕೌಂಟೆಂಟರ ಆಫೀಸು ಎರಡನೆಯ ಮಹಡಿಯಲ್ಲಿ. ಲಿಫ್ಟಿಲ್ಲ. ಇವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವಷ್ಟರಲ್ಲಿ ನಾನು ಹೇಳಬೇಕಾದ ಮಾತನ್ನೆಲ್ಲ ಮನಸ್ಸಿನಲ್ಲೇ ಎರಡು ಬಾರಿ ಹೇಳಿ ಮುಗಿಸಿದ್ದೆ. ಒಳಗೆ ಮೂರು ಕುರ್ಚಿ, ಗೊರಗೊರ ಎನ್ನುವ ಒಂದು ಫ್ಯಾನು, ಮೇಜಿನ ಮೇಲೆ ಕೆಂಪು ದಾರ ಕಟ್ಟಿದ ನಮ್ಮ ಫೈಲು. ಮನುಷ್ಯ ಮಾತ್ರ ಬೆಣ್ಣೆಯಂಥವರು. ನೀರು ತರಿಸಿದರು, ಇವರ ಮಂಡಿ ಹೇಗಿದೆ ಎಂದು ವಿಚಾರಿಸಿದರು.

"ಸಾರ್, ಇದಕ್ಕೂ ಗಡಿಯಾರ ಓಡ್ತಾ ಇದೆಯಾ?" ಎಂದು ಕೇಳಿದೆ. ನಕ್ಕರು. ಇಲ್ಲ ಎಂದು ಮಾತ್ರ ಹೇಳಲಿಲ್ಲ.

"ಒಪ್ಪಂದದ ಏಳನೇ ಅಂಶ ನೋಡೀಮ್ಮಾ. ಹೆಚ್ಚಿನ ಕೆಲಸ ಬಂದ್ರೆ ಹೆಚ್ಚಿನ ಶುಲ್ಕ ಅಂತ ಬರೆದಿದೆ. ಇವರ ಸಹಿ ಇದೆ."

"ಬರೆದಿದೆ, ನೋಡಿದೆ. ನೂರ ಮೂವತ್ತೊಂದನೇದು ಸ್ವಲ್ಪ ಓದಿ."

ಅವರು ಪುಟ ತಿರುಗಿಸಿ ಗಟ್ಟಿಯಾಗಿಯೇ ಓದತೊಡಗಿದರು. "ಲೆಕ್ಕದವರ ತಾಯಿ ಜಾರಿ ಬಿದ್ದ ಬಚ್ಚಲು. ಹಳೇ ಟೈಲ್ಸ್ ಕಿತ್ತು ಜಾರದಂಥದ್ದು ಹಾಕಿದ್ದು, ನಾಲ್ಕು ದಿನ..." ಅಲ್ಲಿಂದ ಮುಂದೆ ದನಿ ಸಣ್ಣಗಾಯಿತು. ಪಟ್ಟಿಯನ್ನು ಟೈಪು ಮಾಡಿದ್ದು ಅವರ ಗುಮಾಸ್ತೆಯಂತೆ, ತಾವು ಎಲ್ಲವನ್ನೂ ನೋಡಿರಲಿಲ್ಲವಂತೆ.

"ಎಲ್ಲರ ಮನೆಗೂ ಫೋನು ಮಾಡಿ ಹದಿನೈದು ನಿಮಿಷ ವಿಚಾರಿಸಿದೀರಿ. ನಿಮ್ಮ ಮನೆಗೂ ಮಾಡಿದ್ರಾ ಸಾರ್? ಯಾರು ಎತ್ತಿದ್ರು, ನೀವೇನಾ?"

ಪಾಪ, ಮರ್ಯಾದಸ್ಥರು. ಪೆನ್ನು ತೆಗೆದುಕೊಂಡು ಗಂಭೀರವಾಗಿ ಆ ಸಾಲಿನ ಮೇಲೆ ಗೀಟು ಎಳೆದು, ಬಿಲ್ಲಿನಿಂದ ನೂರೈವತ್ತು ಕಳೆದರು. ಕಳೆದು, ಇನ್ನೇನಾದರೂ ಇದೆಯೇ ಎಂಬಂತೆ ನನ್ನ ಮುಖ ನೋಡಿದರು. ನಾಲ್ಕು ದಿನದ ಕೆಲಸಕ್ಕೆ ನೂರೈವತ್ತು. ನನಗೆ ನಗಬೇಕೋ ಮೇಜನ್ನು ಮಗುಚಬೇಕೋ ತಿಳಿಯಲಿಲ್ಲ.

"ಹೋಗ್ಲಿ ಬಿಡೇ" ಎಂದರು ಇವರು ಪಕ್ಕದಿಂದ.

"ನಾನು ಬಿಡ್ತೀನಿ. ನಿಮ್ಮ ಮಂಡಿ ಬಿಡುತ್ತಾ?" ಎಂದೆ. "ಆ ಬಚ್ಚಲಿಗೆ ಎಷ್ಟಾಗುತ್ತೆ, ಹೇಳಿ. ನಂಗೆ ಬೇಡ, ಅವರಿಗೆ ಹೇಳಿ."

ಇವರು ತಲೆ ತಗ್ಗಿಸಿದರು. ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಕೂತರು. ಗಾರೆ ಕಚ್ಚಿ ಕಚ್ಚಿ ಆ ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿವೆ. ಆಗ ನಾನು ಒಂದು ಅಂಕಿ ಹೇಳಿಬಿಡಬಹುದಿತ್ತು. ಬೇಕೆಂದೇ ಹೇಳಲಿಲ್ಲ. ಫ್ಯಾನು ಗೊರಗೊರ ಎನ್ನುತ್ತಲೇ ಇತ್ತು.

"ಹದಿನಾರು ಸಾವಿರ ಆಗ್ತಿತ್ತು" ಎಂದರು ಕೊನೆಗೆ, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ. ಅದೂ ಎರಡು ವರ್ಷದ ಹಿಂದಿನ ರೇಟು.

ಅಕೌಂಟೆಂಟರು "ಆಯ್ತು" ಎಂದರು. ಅಷ್ಟೇ. ಚೌಕಾಸಿಯಿಲ್ಲ, ಮುಖ ಗಂಟಿಕ್ಕಲಿಲ್ಲ. ಹದಿನಾರು ಸಾವಿರ ಎಂದು ಬರೆದು, ಕಳೆದು, ಕೆಳಗೆ ಸಹಿ ಮಾಡಿದರು. "ಅವತ್ತೇ ಕೇಳಿದ್ರೆ ಅವತ್ತೇ ಕೊಡ್ತಿದ್ನಲ್ಲ ಮೇಸ್ತ್ರಿ. ನೀವು ಏನೂ ಹೇಳ್ಲಿಲ್ಲ. ಅಡುಗೆಮನೆ ರೇಟಲ್ಲೇ ಅದೂ ಸೇರಿದೆ ಅಂದ್ಕೊಂಡೆ."

ನಾನು ಎತ್ತಿಟ್ಟಿದ್ದ ಹನ್ನೆರಡು ಸಾವಿರ ಬಿಟ್ಟರೆ ಉಳಿದದ್ದು ಇಪ್ಪತ್ತು ಸಾವಿರದ ನಾನೂರೈವತ್ತು. ಅದಕ್ಕೇನು ಮಾಡುವುದು ಎಂದು ನಾನು ಕೇಳಿದೆ. ಐದು ಕಂತಿನಲ್ಲಿ ಕೊಡಿ, ಹನ್ನೆರಡು ಸಾವಿರ ಕೊಟ್ಟು ಫೈಲು ಈಗಲೇ ತೆಗೆದುಕೊಂಡು ಹೋಗಿ ಎಂದರು. ಕಂತಿನಲ್ಲಿ ಕೊಡಬಹುದು ಎಂಬುದನ್ನು ಮೊದಲೇ ಏಕೆ ಹೇಳಲಿಲ್ಲ ಎಂದರೆ, "ನೀವು ಕೇಳ್ಲಿಲ್ವಲ್ಲಮ್ಮಾ" ಎಂದರು. ಆ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳಲೂ ದಾರಿ ಉಳಿಯಲಿಲ್ಲ. ಹನ್ನೆರಡು ಸಾವಿರ ಎಣಿಸಿ ಕೊಟ್ಟು ಫೈಲು ಎತ್ತಿಕೊಂಡೆ. ಅಂಗಡಿಯ ಮುಂಗಡ ನನ್ನ ಬ್ಯಾಗಿನಲ್ಲಿ ಇದ್ದ ಹಾಗೇ ಇತ್ತು. ನಾಳೆ ಬ್ಯಾಂಕು, ನಾಡಿದ್ದು ಅಂಗಡಿ. ನಾನು ಗೆದ್ದಿದ್ದೆ, ದಾರಿಯುದ್ದಕ್ಕೂ ಇವರನ್ನು ಆಡಿಕೊಳ್ಳಲು ಬೇಕಾದಷ್ಟು ಮಾತು ಕೂಡಿಟ್ಟುಕೊಂಡಿದ್ದೆ.

ಇಳಿಯುವಾಗ ಮಂಡಿಗೆ ನೋವು ಜಾಸ್ತಿ. ಇವರು ಎರಡೂ ಕೈಯಲ್ಲಿ ಕಂಬಿ ಹಿಡಿದು, ಪ್ರತಿ ಮೆಟ್ಟಿಲಿಗೂ ಎರಡು ಕಾಲು ಕೂಡಿಸಿ, ಪಕ್ಕಕ್ಕೆ ವಾಲಿಕೊಂಡು ಇಳಿಯುತ್ತಿದ್ದರು. ಮೊದಲ ಮಹಡಿಯ ತಿರುವಿನಲ್ಲಿ ನಿಂತುಬಿಟ್ಟರು. ಸುಸ್ತಾಗಿದೆ ಎಂದುಕೊಂಡೆ.

"ಹಾಗಾದ್ರೆ ಎಲ್ರೂ ಕೊಡ್ತಿದ್ರೇನೇ?" ಎಂದು ಕೇಳಿದರು.

ಮೂರು ಡೈರಿಯ ಮಾತಲ್ಲ ಅದು, ಇಪ್ಪತ್ತಾರು ಡೈರಿಯ ಮಾತು. ಅವರ ಮುಖ ನೋಡಿದೆ. ಕೂಡಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟೆ.

"ಇಲ್ಲ" ಎಂದೆ. "ಎಲ್ಲಿ ಕೊಡ್ತಿದ್ರು, ಜಿಪುಣ್ರು. ಇದೊಬ್ಬರು ಏನೋ ಒಳ್ಳೇವ್ರು."

ಅವರು ಕಂಬಿಯನ್ನು ಮತ್ತೆ ಹಿಡಿದುಕೊಂಡರು. ನಂಬಲಿಲ್ಲ ಎಂಬುದು ನನಗೂ ಗೊತ್ತಾಯಿತು. ಫೈಲನ್ನು ಕಂಕುಳಲ್ಲಿ ಇರುಕಿಕೊಂಡು ಅವರ ತೋಳಿಗೆ ಕೈ ಕೊಟ್ಟೆ. ಇನ್ನೂ ಹದಿನಾಲ್ಕು ಮೆಟ್ಟಿಲಿದ್ದವು, ನಿಧಾನವಾಗಿ ಇಳಿದೆವು.